ಗೋಡೆಯನ್ನು ಕೀಳದ ಕಲಾವಿದ: ಬುರ್ಹಾನ್ ದೋವಾನ್‌ಚಾಯ್ ಬೆಳೆದ ಬಗೆ

ಟರ್ಕಿಯ ಚಿತ್ರಕಾರ ಬುರ್ಹಾನ್ ದೋವಾನ್‌ಚಾಯ್ ಅವರ ಹಲವು ಚಿತ್ರಗಳಲ್ಲಿ ಕಾಗದ ಹರಿದಿರುತ್ತದೆ, ಹರಿದ ತುದಿ ಸುರುಳಿಯಾಗಿ ನಮ್ಮ ಕಡೆ ಬಾಗಿರುತ್ತದೆ, ಅದರ ಕೆಳಗೆ ನೆರಳು ಬಿದ್ದಿರುತ್ತದೆ. ಎರಡು ಮಾರು ದೂರದಿಂದ ನೋಡಿದವರಿಗೆ ಆ ತುದಿ ಹಿಡಿದು ಎಳೆಯಬೇಕೆನಿಸುತ್ತದೆ. ಹತ್ತಿರ ಹೋದರೆ ಸುರುಳಿಯೂ ಬಣ್ಣ, ನೆರಳೂ ಬಣ್ಣ, ಹಿಂದಿರುವುದು ಸಪಾಟಾದ ಕ್ಯಾನ್ವಾಸು. ಬೀದಿಯ ಪೋಸ್ಟರನ್ನು ಕಿತ್ತು ತಂದು ಚೌಕಟ್ಟು ಹಾಕಿದವರ ಸಾಲಿಗೆ ಇವರನ್ನು ಸೇರಿಸುವವರು ಬಹಳ ಮಂದಿ. ಅದು ತಪ್ಪು ಸಾಲು. ಇವರು ಗೋಡೆಯನ್ನು ನೋಡಿದರು, ಫೋಟೊ ತೆಗೆದರು, ನೆನಪಿಟ್ಟುಕೊಂಡರು, ಆಮೇಲೆ ಸ್ಟುಡಿಯೊದಲ್ಲಿ ಕುಳಿತು ಅದನ್ನು ಮೊದಲಿನಿಂದ ಕಟ್ಟಿದರು.

ಟರ್ಕಿಯ ಆಧುನಿಕ ಚಿತ್ರಕಲೆಯ ಬಗ್ಗೆ ಬರೆಯುವಾಗ ಪ್ಯಾರಿಸ್, ನ್ಯೂಯಾರ್ಕ್, ಘನಾಕೃತಿ ಪಂಥ, ಪಾಪ್ ಕಲೆ ಎಂದು ಪಂಥಗಳ ಹೆಸರು ಜೋಡಿಸಿ ಮುಗಿಸುವ ಅಭ್ಯಾಸವಿದೆ. ದೋವಾನ್‌ಚಾಯ್ ವಿಷಯದಲ್ಲಿ ಅದು ಅರ್ಧ ಕಥೆಯನ್ನೂ ಹೇಳುವುದಿಲ್ಲ. ಅವರ ಕೈಯನ್ನು ಬದಲಿಸಿದ್ದು ಕಾರ್ಯಾಗಾರಗಳು. ಕಲ್ಲಚ್ಚು (ಲಿಥೊಗ್ರಫಿ), ಅಲ್ಯುಮಿನಿಯಂ ತಗಡು, ಮಗ್ಗ, ಕ್ಯಾಮೆರಾ, ಒಂದೊಂದಕ್ಕೂ ಅದರದೇ ಕಟ್ಟುಪಾಡು. ಆ ಕಟ್ಟುಪಾಡಿಗೆ ಒಗ್ಗಿಕೊಂಡಾಗಲೆಲ್ಲ ಚಿತ್ರ ಒಂದು ತಿರುವು ತೆಗೆದುಕೊಂಡಿದೆ.

ಅವರು ಹುಟ್ಟಿದ್ದು 1929ರ ಸೆಪ್ಟೆಂಬರ್ 11ರಂದು, ಇಸ್ತಾಂಬುಲ್‌ನಲ್ಲಿ. ತಂದೆ ಆದಿಲ್ ದೋವಾನ್‌ಚಾಯ್ ಸೇನೆಯ ಅಧಿಕಾರಿ, ಜೊತೆಗೆ ಹೆಸರುವಾಸಿ ಚಿತ್ರಕಾರ. ಸೈನಿಕ ಚಿತ್ರಕಾರ ಎಂಬುದು ಟರ್ಕಿಯಲ್ಲಿ ವಿಚಿತ್ರವಾದ ಜೋಡಿಯಲ್ಲ. ಆಟೊಮನ್ ಸಾಮ್ರಾಜ್ಯದಲ್ಲಿ ಪಾಶ್ಚಾತ್ಯ ರೀತಿಯ ಚಿತ್ರಕಲೆ ಮೊದಲು ಬೇರೂರಿದ್ದೇ ಸೈನಿಕ ಶಾಲೆಗಳಲ್ಲಿ. 18ನೆಯ ಶತಮಾನದ ಕೊನೆಯಿಂದ ಅಲ್ಲಿನ ಎಂಜಿನಿಯರಿಂಗ್ ಶಾಲೆಗಳಲ್ಲಿ ನಕ್ಷೆ, ಕೋಟೆ, ಬೆಟ್ಟದ ಇಳಿಜಾರು ಬರೆಯುವುದನ್ನು ಪಾಠವಾಗಿ ಕಲಿಸುತ್ತಿದ್ದರು. ದೂರ, ಎತ್ತರ, ಬೆಳಕಿನ ದಿಕ್ಕು ತಪ್ಪಿದರೆ ನಕ್ಷೆಯೇ ತಪ್ಪು. ಶೆಕೆರ್ ಅಹ್ಮದ್ ಪಾಶಾ ಅವರಂಥ ಮೊದಲ ತಲೆಮಾರಿನ ಕ್ಯಾನ್ವಾಸ್ ಚಿತ್ರಕಾರರು ಬಂದದ್ದು ಆ ಶಾಲೆಗಳಿಂದಲೇ. ಇಸ್ತಾಂಬುಲ್‌ನ ಲಲಿತಕಲಾ ಶಾಲೆ ಬಾಗಿಲು ತೆರೆದದ್ದು ಅದಾದ ಮೇಲೆ, 1883ರಲ್ಲಿ. ಬುರ್ಹಾನ್ ಆ ಲಲಿತಕಲಾ ಶಾಲೆಗೆ ಹೋಗಲಿಲ್ಲ. ತಂದೆಯ ಬಳಿ ಮತ್ತು ಆರಿಫ್ ಕಪ್ತಾನ್ ಎಂಬ ಇನ್ನೊಬ್ಬ ಚಿತ್ರಕಾರರ ಬಳಿ ಕಲಿತರು. ಅವರ ಪ್ರೌಢ ಚಿತ್ರಗಳಲ್ಲಿ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದರಲ್ಲಿ ಅನುಮಾನಕ್ಕೆ ಎಡೆಯೇ ಇರುವುದಿಲ್ಲ. ಆ ಶಿಸ್ತಿನ ಬೇರು ಮನೆಯಲ್ಲೇ ಇದ್ದಿರಬೇಕು ಎಂಬುದು ನನ್ನ ಊಹೆ.

ಓದಿದ್ದು ಮಾತ್ರ ಬೇರೆಯೇ. ಅಂಕಾರಾ ವಿಶ್ವವಿದ್ಯಾಲಯದಲ್ಲಿ 1950ರಲ್ಲಿ ಕಾನೂನು ಪದವಿ, ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ 1953ರಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್. ಅಂಕಾರಾದ ಗೆಂಚ್ಲರ್‌ಬಿರ್ಲಿಯಿ ತಂಡಕ್ಕೆ ಫುಟ್ಬಾಲ್ ಆಡಿದ್ದೂ ಉಂಟು. ಪ್ಯಾರಿಸ್‌ನಲ್ಲಿದ್ದಾಗ ಅಕಾಡೆಮಿ ದ ಲಾ ಗ್ರಾಂದ್ ಶೋಮಿಯೆರ್‌ಗೆ ಹೋಗುತ್ತಿದ್ದರು. ಅದು ಪ್ರವೇಶ ಪರೀಕ್ಷೆಯಿಲ್ಲದ ತೆರೆದ ಶಾಲೆ; ದುಡ್ಡು ಕೊಟ್ಟು ಒಳಗೆ ಹೋದರೆ ಮುಂದೆ ರೂಪದರ್ಶಿ ಇರುತ್ತಾರೆ, ಕುಳಿತು ಬರೆಯಬಹುದು. ಆ ಕಾಲದಲ್ಲಿ ಟರ್ಕಿಯಿಂದ ಪ್ಯಾರಿಸಿಗೆ ಹೋದ ಹಲವರು ಆಂದ್ರೆ ಲೋಟ್, ಫೆರ್ನಾಂ ಲೆಜೆ ಅವರ ಸ್ಟುಡಿಯೊಗಳಲ್ಲಿ ಕಲಿತು, ಗುರುವಿನ ಶೈಲಿಯನ್ನೇ ಹೊತ್ತು ತಂದರು. ಒಬ್ಬ ಗುರುವಿಗೆ ಅಂಟಿಕೊಳ್ಳದ ದೋವಾನ್‌ಚಾಯ್‌ಗೆ ಆ ಹೊರೆ ಇರಲಿಲ್ಲ. ಹಾಗಾಗಿ ಅವರ ಆರಂಭದ ಕೆಲಸ ಸಾಧಾರಣವಾಗಿಯೇ ಇದೆ: ಊರಿನ ನೋಟ, ನಿಸರ್ಗದೃಶ್ಯ. ಅದರಲ್ಲಿ ಮುಂದಿನ ಕಲಾವಿದನನ್ನು ಹುಡುಕಿ ದಣಿಯಬೇಕಾಗಿಲ್ಲ.

1962ರಲ್ಲಿ ಸರ್ಕಾರಿ ಕೆಲಸದ ಮೇಲೆ ರಾಜತಾಂತ್ರಿಕರಾಗಿ ನ್ಯೂಯಾರ್ಕಿಗೆ ಬಂದರು. 1964ರಲ್ಲಿ ಕೆಲಸ ಬಿಟ್ಟು, ಕಲೆಯನ್ನೇ ಜೀವನ ಮಾಡಿಕೊಂಡು ಆ ಊರಿನಲ್ಲೇ ನೆಲೆಸಿದರು. ಈ ನಡುವೆ ನಡೆದದ್ದನ್ನು ಅವರೇ ಹಲವು ಸಲ ಹೇಳಿದ್ದಾರೆ. 86ನೆಯ ಬೀದಿಯಲ್ಲಿ ನಡೆದು ಹೋಗುವಾಗ ಒಂದು ಗೋಡೆ ಕಣ್ಣಿಗೆ ಬಿತ್ತು. ಅದರ ಮೇಲೆ ಹಳೆಯ ಪೋಸ್ಟರಿನ ಚೂರುಗಳು, ಬಹುಪಾಲು ಕಿತ್ತಳೆ ಬಣ್ಣ, ಅಲ್ಲಲ್ಲಿ ನೀಲಿ, ಹಸಿರು, ಕಂದು, ಮಳೆ ಮತ್ತು ಕೆಸರಿನ ಕಲೆ, ಮೇಲ್ಮೈಯ ಉಬ್ಬುತಗ್ಗಿನಿಂದ ಬಿದ್ದ ಪುಟ್ಟ ನೆರಳುಗಳು. ತಾವು ಕಂಡ ಅಮೂರ್ತ ಚಿತ್ರಗಳಲ್ಲೆಲ್ಲ ಅತಿ ಸುಂದರವಾದದ್ದು ಅದು ಎಂದು ಅವರಿಗೆ ಅನಿಸಿತು. ಬಣ್ಣ ಮತ್ತು ಕಲೆಯ ಜೊತೆಗೆ ಮೇಲ್ಮೈಯೊಳಗಿನ ನೆರಳನ್ನೂ ಅವರು ಆಗಲೇ ಗುರುತಿಸಿದ್ದರು ಎಂಬುದನ್ನು ಗಮನಿಸಬೇಕು. ಆ ನೆರಳು ಕ್ಯಾನ್ವಾಸಿನಲ್ಲಿ ಪೂರ್ತಿ ಮೈತಳೆಯಲು ಇನ್ನೂ ಹತ್ತು ವರ್ಷ ಬೇಕಾಯಿತು.

1963ರಿಂದ ಗೋಡೆಯ ಚಿತ್ರಗಳು ಶುರುವಾದವು. ಬಾಗಿಲುಗಳು ಬಂದವು, ರಸ್ತೆ ತಿರುಗಿಸುವ ಬಾಣದ ಫಲಕಗಳಿಂದ ಹುಟ್ಟಿದ ‘ಡಿಟೂರ್’ ಸರಣಿ ಬಂತು. 1964ರ ‘ಬಿಲ್‌ಬೋರ್ಡ್’ ಗುಗ್ಗೆನ್‌ಹೈಮ್ ಸಂಗ್ರಹಾಲಯದ ಸಂಗ್ರಹ ಸೇರಿತು. ಆಗ ಅಲ್ಲಿನ ನಿರ್ದೇಶಕರಾಗಿದ್ದ ಥಾಮಸ್ ಮೆಸ್ಸರ್ ಇವರ ಬೆನ್ನಿಗೆ ನಿಂತರು.

ಗೋಡೆಯನ್ನು ಕಲೆಯ ವಸ್ತುವಾಗಿ ನೋಡಿದವರಲ್ಲಿ ದೋವಾನ್‌ಚಾಯ್ ಮೊದಲಿಗರೇನಲ್ಲ. ಕಲೆಬಿದ್ದ ಗೋಡೆಯನ್ನು ದಿಟ್ಟಿಸಿದರೆ ಬೆಟ್ಟ, ಯುದ್ಧ, ಮುಖ ಕಾಣುತ್ತವೆ ಎಂದು ಲಿಯೊನಾರ್ದೊ ದ ವಿಂಚಿ ಕಲಿಯುವವರಿಗೆ ಬರೆದಿಟ್ಟಿದ್ದರು. ಬ್ರಸಾಯ್ 1930ರ ದಶಕದಿಂದ ಪ್ಯಾರಿಸ್ ಗೋಡೆಗಳ ಗೀಚುಗಳ ಫೋಟೊ ತೆಗೆದರು. ಸ್ಪೇನಿನ ಅಂತೋನಿ ತಾಪಿಯೆಸ್ 1950ರ ದಶಕದಲ್ಲಿ ಬಣ್ಣಕ್ಕೆ ಅಮೃತಶಿಲೆಯ ಪುಡಿ ಬೆರೆಸಿ, ದಪ್ಪಗೆ ಬಳಿದು, ಕೆರೆದು, ಕ್ಯಾನ್ವಾಸನ್ನೇ ಗಾರೆಯ ಗೋಡೆಯಾಗಿಸಿದರು. ಪ್ಯಾರಿಸ್‌ನಲ್ಲಿ ರೇಮೊಂ ಹೇನ್ಸ್ ಮತ್ತು ಜಾಕ್ ವಿಲೆಗ್ಲೆ 1949ರಿಂದ, ರೋಮಿನಲ್ಲಿ ಮಿಮ್ಮೊ ರೊತೆಲ್ಲಾ ಅದರ ಕೆಲವೇ ವರ್ಷಗಳ ನಂತರ, ಪೋಸ್ಟರುಗಳನ್ನು ಗೋಡೆಯಿಂದ ಪದರಪದರವಾಗಿ ಕಿತ್ತು ಬಟ್ಟೆಯ ಮೇಲೆ ಅಂಟಿಸಿದರು. ನ್ಯೂಯಾರ್ಕಿನಲ್ಲಿ ರಾಬರ್ಟ್ ರೌಶೆನ್‌ಬರ್ಗ್ ಬೀದಿಯಲ್ಲಿ ಸಿಕ್ಕ ಸಾಮಾನುಗಳನ್ನೇ ಚಿತ್ರಕ್ಕೆ ಸೇರಿಸುತ್ತಿದ್ದರು. ಜಾಸ್ಪರ್ ಜಾನ್ಸ್ ಬಾವುಟ, ಗುರಿಹಲಗೆ, ಅಂಕಿಗಳನ್ನು ವಸ್ತುವೂ ಚಿತ್ರವೂ ಒಂದೇ ಆಗುವಂತೆ ಬರೆಯುತ್ತಿದ್ದರು.

ಇವರ ಪೈಕಿ ದೋವಾನ್‌ಚಾಯ್‌ಗೆ ಅತಿ ಹತ್ತಿರದವರಂತೆ ಕಾಣುವವರು ಪೋಸ್ಟರ್ ಕೀಳುವವರು. ನನ್ನ ಪ್ರಕಾರ ಅತಿ ದೂರದವರೂ ಅವರೇ. ಹೇನ್ಸ್, ವಿಲೆಗ್ಲೆ ಅವರ ಕೆಲಸ ಆಯ್ಕೆಯದ್ದು: ಯಾವ ಗೋಡೆ, ಯಾವ ತುಂಡು, ಎಲ್ಲಿಗೆ ಅಂಚು. ಹರಿದವರು ದಾರಿಹೋಕರು, ಕಲಾವಿದ ಆ ಹರಿದದ್ದನ್ನು ಕಾಪಾಡುತ್ತಾನೆ. ದೋವಾನ್‌ಚಾಯ್ ಕೆಲಸ ರಚನೆಯದ್ದು. ಕಾಗದ ಎಲ್ಲಿ ಹರಿಯಬೇಕು, ಯಾವ ಪದರ ಎಷ್ಟು ಇಣುಕಬೇಕು, ಯಾವ ಅಕ್ಷರ ಅರ್ಧಕ್ಕೆ ನಿಲ್ಲಬೇಕು ಎಂಬುದೆಲ್ಲ ಅವರ ತೀರ್ಮಾನ. ಜಾನ್ಸ್ ಅವರ ಪಾಠ ಇವರಿಗೆ ಹೆಚ್ಚು ತಾಗಿದೆ ಎನಿಸುತ್ತದೆ, ಏಕೆಂದರೆ ಚಪ್ಪಟೆಯಾದ ವಸ್ತುವನ್ನು ಚಪ್ಪಟೆಯಾದ ಕ್ಯಾನ್ವಾಸಿನಲ್ಲಿ ಬರೆದಾಗ ಹುಟ್ಟುವ ಗೊಂದಲವೇ ಇಬ್ಬರಿಗೂ ಬಂಡವಾಳ.

1969ರಲ್ಲಿ ದೊಡ್ಡ ತಿರುವು ಬಂತು. ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ 20ನೆಯ ಶತಮಾನದ ಕಲೆಯ ಕ್ಯುರೇಟರ್ ಆಗಿದ್ದ ಹೆನ್ರಿ ಗೆಲ್ಡ್‌ಜಾಲರ್ ಅವರ ನೆರವಿನಿಂದ ಲಾಸ್ ಏಂಜಲೀಸಿನ ಟಾಮರಿಂಡ್ ಕಲ್ಲಚ್ಚು ಕಾರ್ಯಾಗಾರದಲ್ಲಿ ಫೆಲೊಶಿಪ್ ಸಿಕ್ಕಿತು. ಅಮೆರಿಕದಲ್ಲಿ ಕ್ಷೀಣಿಸುತ್ತಿದ್ದ ಕಲ್ಲಚ್ಚಿನ ಕಸುಬನ್ನು ಉಳಿಸಲು ಜೂನ್ ವೇಯ್ನ್ 1960ರಲ್ಲಿ ಕಟ್ಟಿದ ಜಾಗ ಅದು. ದೋವಾನ್‌ಚಾಯ್ ಅಲ್ಲಿ 16 ಕಲ್ಲಚ್ಚು ಮಾಡಿದರು. ಅವುಗಳಲ್ಲಿ 11 ‘ವಾಲ್ಸ್ 5’ ಎಂಬ ಗುಚ್ಛಕ್ಕೆ ಸೇರಿದವು.

ಈ 16 ಹಾಳೆಗಳು ಯಾಕೆ ಮುಖ್ಯ ಎಂದು ತಿಳಿಯಲು ಕಲ್ಲಚ್ಚು ನಡೆಯುವ ರೀತಿ ಗೊತ್ತಿರಬೇಕು. ಬೇಕಾದದ್ದು ನುಣುಪಾದ ಸುಣ್ಣಶಿಲೆಯ ಹಲಗೆ. ಬವೇರಿಯಾದ ಸೋಲ್ನ್‌ಹೋಫನ್ ಕಲ್ಲು ಇದಕ್ಕೆ ಹೆಸರುವಾಸಿ. ಎರಡು ಕಲ್ಲುಗಳ ನಡುವೆ ಪುಡಿ ಮತ್ತು ನೀರು ಹಾಕಿ ಉಜ್ಜಿ, ಹಿಂದಿನ ಚಿತ್ರ ಅಳಿಸಿ, ಮೇಲ್ಮೈ ಒಂದೇ ಮಟ್ಟಕ್ಕೆ ತರುತ್ತಾರೆ. ಅದರ ಮೇಲೆ ಜಿಡ್ಡಿನ ಕಡ್ಡಿಯಿಂದ ಅಥವಾ ಜಿಡ್ಡಿನ ಮಸಿಯಿಂದ ಬರೆಯಬೇಕು. ನಂತರ ಅರಬ್ಬಿ ಗೋಂದಿನ ದ್ರಾವಣಕ್ಕೆ ನೈಟ್ರಿಕ್ ಆಮ್ಲದ ಕೆಲವು ಹನಿ ಬೆರೆಸಿ ಬಳಿಯುತ್ತಾರೆ. ಇದರಿಂದ ಬರೆದ ಜಾಗ ಜಿಡ್ಡನ್ನು ಹಿಡಿಯುತ್ತದೆ, ಬರೆಯದ ಜಾಗ ನೀರನ್ನು ಹಿಡಿಯುತ್ತದೆ. ಕಲ್ಲನ್ನು ಸ್ಪಂಜಿನಿಂದ ಒದ್ದೆ ಮಾಡಿ ರೋಲರಿನಿಂದ ಶಾಯಿ ಉರುಳಿಸಿದರೆ ಶಾಯಿ ಬರೆದಲ್ಲಿ ಮಾತ್ರ ಕೂರುತ್ತದೆ. ಕಾಗದ ಹಾಸಿ ಒತ್ತಿದರೆ ಅಚ್ಚು, ಅದೂ ಎಡಬಲ ತಿರುಗಿ.

ಎಡವುವ ಜಾಗ ಇದರಲ್ಲಿ ಬಹಳ. ಆಮ್ಲ ಹೆಚ್ಚಾದರೆ ತಿಳಿಯಾದ ಗೆರೆಗಳು ಸುಟ್ಟುಹೋಗುತ್ತವೆ. ಕಡಿಮೆಯಾದರೆ ಖಾಲಿ ಜಾಗವೂ ಶಾಯಿ ಹಿಡಿದು ಮಸುಕಾಗುತ್ತದೆ. ಶಾಯಿ ಉರುಳಿಸುವಾಗ ಕಲ್ಲು ಒಣಗಿದರೂ ಇದೇ ಗತಿ. ಬೆರಳಿನ ಜಿಡ್ಡು ತಾಗಿದರೆ ಬೆರಳಚ್ಚು ಸಹ ಅಚ್ಚಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿ ಬಣ್ಣಕ್ಕೂ ಬೇರೆ ಕಲ್ಲು ಅಥವಾ ಅದೇ ಕಲ್ಲನ್ನು ಉಜ್ಜಿ ಮತ್ತೆ ಬರೆಯಬೇಕು. ಐದು ಬಣ್ಣವೆಂದರೆ ಅದೇ ಕಾಗದ ಐದು ಸಲ ಒತ್ತಿಗೆ ಹೋಗಬೇಕು, ಐದು ಸಲವೂ ಕೂದಲೆಳೆಯಷ್ಟೂ ಸರಿಯದೆ ಕೂರಬೇಕು.

ಕ್ಯಾನ್ವಾಸಿನಲ್ಲಿ ಬಣ್ಣದ ಮೇಲೆ ಬಣ್ಣ ಬಳಿದು, ಕೆರೆದು, ಒರೆಸಿ ಗೋಡೆಯ ಕೊಳೆಯನ್ನು ಹುಟ್ಟಿಸುತ್ತಿದ್ದ ಕೈಗೆ ಇಲ್ಲಿ ಆ ದಾರಿ ಮುಚ್ಚಿಹೋಯಿತು. ಕೊಳೆಯನ್ನೇ ಬಣ್ಣಬಣ್ಣವಾಗಿ ಬಿಡಿಸಿ ಯೋಚಿಸಬೇಕು. ಇದು ಹಳದಿ, ಇದು ಕಪ್ಪು, ಇದರ ಅಂಚು ಇಲ್ಲಿಗೆ. ದೋವಾನ್‌ಚಾಯ್ ಗೋಡೆಗಳು ಅಲ್ಲಿಂದ ಹೊರಬಂದಾಗ ಚಪ್ಪಟೆಯಾಗಿದ್ದವು, ಅಂಚುಗಳು ಖಚಿತವಾಗಿದ್ದವು, ಬಣ್ಣಗಳು ಒಂದಕ್ಕೊಂದು ಎದುರಾಗಿ ನಿಂತಿದ್ದವು. ಟಾಮರಿಂಡಿಗೆ ಮುಂಚಿನ ಒಂದು ಗೋಡೆಯನ್ನೂ ನಂತರದ ಒಂದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ವಾತಾವರಣ ಹೆಚ್ಚು, ಎರಡನೆಯದರಲ್ಲಿ ಆಕಾರ ಹೆಚ್ಚು.

ಚಪ್ಪಟೆಯಾದ ಹಿನ್ನೆಲೆ ಸಿಕ್ಕ ಮೇಲೆ ಅದನ್ನು ಭೇದಿಸುವುದಕ್ಕೂ ದಾರಿ ತೆರೆಯಿತು. 1972ರ ಸುಮಾರಿಗೆ ‘ಬ್ರೇಕ್‌ಥ್ರೂ’ ಸರಣಿ ಬಂತು. ಏಕಬಣ್ಣದ ಸಪಾಟು ಮೇಲ್ಮೈ ಬಿರಿದು, ಒಳಗಿನಿಂದ ಬೇರೆ ಬಣ್ಣದ ಕಾಗದ ಹೊರಕ್ಕೆ ನುಗ್ಗುತ್ತದೆ. ಅದೇ ಹೊತ್ತಿಗೆ ಶುರುವಾದ ‘ರಿಬ್ಬನ್’ ಸರಣಿ 1989ರವರೆಗೆ ಸಾಗಿತು. ಇಲ್ಲಿ ಕೊಳೆಯಿಲ್ಲ, ಅಕ್ಷರವಿಲ್ಲ, ಪೋಸ್ಟರಿನ ಮುಖವಿಲ್ಲ. ಒಂದು ಬಣ್ಣದ ಬಯಲು, ಅದರಿಂದ ಎದ್ದು ತಿರುಚಿಕೊಂಡ ಕಾಗದದ ಪಟ್ಟಿಗಳು, ಅವುಗಳ ನೆರಳು, ಇಷ್ಟೇ. ನೆರಳು ಪಟ್ಟಿಗಿಂತ ಉದ್ದವಾಗಿ, ಪಟ್ಟಿಗಿಂತ ಬೇರೆಯೇ ಆದ ಬಳುಕು ಪಡೆದು, ಬಲದಿಂದ ಎಡಕ್ಕೆ ಓಡುವ ಆಟೊಮನ್ ಲಿಪಿಕಲೆಯ ಗೆರೆಯಂತೆ ಕಾಣುತ್ತದೆ ಎಂದು ವಿಮರ್ಶಕರು ಬಹಳ ಬರೆದಿದ್ದಾರೆ. ಸಾಮ್ಯ ನಿಜ. ಟರ್ಕಿ 1928ರಲ್ಲೇ ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ ಲಿಪಿಗೆ ಬಂದಿತ್ತು. ಅಂದರೆ 1929ರಲ್ಲಿ ಹುಟ್ಟಿದವರಿಗೆ ಹಳೆಯ ಲಿಪಿ ಓದುವ ಸಾಧನವಾಗಿ ಸಿಗಲಿಲ್ಲ. ಮಸೀದಿಯ ಗೋಡೆ, ನೀರಿನ ಕಟ್ಟೆ, ಗೋರಿಕಲ್ಲುಗಳ ಮೇಲಿನ ಆಕಾರವಾಗಿ ಸಿಕ್ಕಿತು. ಓದಲಾಗದ ಅಕ್ಷರ ಕಣ್ಣಿಗೆ ಶುದ್ಧ ಗೆರೆ. ಹಾಗಿದ್ದರೂ ಲಿಪಿಕಲೆಯನ್ನೇ ಪೂರ್ತಿ ಕಾರಣವಾಗಿಸುವುದು ನನಗೆ ಒಪ್ಪಿಗೆಯಿಲ್ಲ. ಆ ಗೆರೆಯ ಮೂಲ ದೀಪ ಮತ್ತು ಕಾಗದ. ಲಿಪಿಕಾರನ ಲೇಖನಿಯಲ್ಲಿ ಅಗಲ ಬದಲಾಗುವುದು ಕೈಯ ಕೋನದಿಂದ, ಇಲ್ಲಿ ಬದಲಾಗುವುದು ಕಾಗದ ಬೆಳಕಿಗೆ ಒಡ್ಡಿಕೊಂಡ ಕೋನದಿಂದ.

ಇದನ್ನು ಯಾರು ಬೇಕಾದರೂ ಮೇಜಿನ ಮೇಲೆ ಪರೀಕ್ಷಿಸಬಹುದು. 200ರಿಂದ 250 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ದಪ್ಪದ ಕಾಗದದಲ್ಲಿ ಎರಡು ಸೆಂಟಿಮೀಟರ್ ಅಗಲ, ಹದಿನೈದು ಸೆಂಟಿಮೀಟರ್ ಉದ್ದದ ನಾಲಗೆಯನ್ನು ಮೂರು ಬದಿ ಕತ್ತರಿಸಿ, ಬುಡ ಹಾಗೇ ಬಿಡಿ. ಪೆನ್ಸಿಲ್ಲಿಗೆ ಸುತ್ತಿ ಸುರುಳಿ ಮಾಡಿ. ಹಾಳೆಯನ್ನು ಗೋಡೆಗೆ ಹಚ್ಚಿ, ಒಂದು ಮೀಟರ್ ದೂರದಿಂದ, ಗೋಡೆಗೆ 30-40 ಡಿಗ್ರಿ ಕೋನದಲ್ಲಿ ಒಂದೇ ಚಿಕ್ಕ ಬಲ್ಬಿನ ಬೆಳಕು ಬಿಡಿ. ಟ್ಯೂಬ್‌ಲೈಟ್ ಕೆಲಸಕ್ಕೆ ಬಾರದು. ಬೆಳಕಿನ ಮೂಲ ಉದ್ದವಾದಷ್ಟೂ ನೆರಳಿನ ಅಂಚು ಕರಗುತ್ತದೆ. ಈಗ ನೆರಳನ್ನು ನೋಡಿ. ಬುಡದಲ್ಲಿ ಅಂಚು ಚೂಪು, ಕಾಗದ ಗೋಡೆಯಿಂದ ದೂರ ಹೋದಂತೆ ಅಂಚು ಮೆತ್ತಗೆ. ಪಟ್ಟಿಯ ಅಗಲ ಎಲ್ಲೆಡೆ ಎರಡೇ ಸೆಂಟಿಮೀಟರ್ ಇದ್ದರೂ ನೆರಳಿನ ಅಗಲ ಒಂದೆಡೆ ನೂಲಿನಷ್ಟು, ಇನ್ನೊಂದೆಡೆ ಪಟ್ಟಿಗಿಂತಲೂ ಹೆಚ್ಚು.

ಬಣ್ಣಕ್ಕಿಳಿಸುವಾಗ ಗೌಷ್ (ಅಪಾರದರ್ಶಕ ಜಲವರ್ಣ) ಅಥವಾ ಅಕ್ರಿಲಿಕ್ ಹೊಂದುತ್ತದೆ. ಮೊದಲು ಬಯಲನ್ನು ತೆಳುವಾಗಿ ಎರಡು ಸಲ, ಎರಡನೆಯದನ್ನು ಮೊದಲನೆಯದಕ್ಕೆ ಅಡ್ಡವಾಗಿ ಬಳಿದು ಪೂರ್ತಿ ಒಣಗಿಸಬೇಕು. ಕುಂಚದ ಗುರುತು ಉಳಿದರೆ ಆಟ ಅಲ್ಲಿಗೇ ಮುಗಿಯಿತು, ಕಣ್ಣು ಬಣ್ಣವನ್ನು ನೋಡುತ್ತದೆಯೇ ಹೊರತು ಮೇಲ್ಮೈಯನ್ನಲ್ಲ. ನೆರಳಿಗೆ ಬರೀ ಕಪ್ಪು ಹಾಕಿದರೆ ಕಾಗದ ಗೋಡೆಯಲ್ಲಿ ರಂಧ್ರ ಕೊರೆದಂತೆ ಕಾಣುತ್ತದೆ. ಬಯಲಿನ ಬಣ್ಣವನ್ನೇ ಗಾಢ ಮಾಡಬೇಕು: ಹಳದಿ ಬಯಲಾದರೆ ಅದಕ್ಕೆ ಕಂದು ಮತ್ತು ತುಸು ನೇರಳೆ, ಕೆಂಪಾದರೆ ಅದಕ್ಕೆ ಗಾಢ ಹಸಿರಿನ ಲೇಶ. ಗೌಷ್‌ನಲ್ಲಿ ಗಾಢ ಬಣ್ಣ ಒಣಗಿದ ಮೇಲೆ ತಿಳಿಯಾಗುತ್ತದೆ, ತಿಳಿ ಬಣ್ಣ ತುಸು ಗಾಢವಾಗುತ್ತದೆ. ಹಾಗಾಗಿ ಚೂರು ಕಾಗದದ ಮೇಲೆ ಬಳಿದು, ಒಣಗಿಸಿ ನೋಡದೆ ನೆರಳಿಗೆ ಕೈ ಹಾಕಬಾರದು. ಸುರುಳಿಯ ಒಳಮೈಗೆ ಬಯಲಿನ ಬಣ್ಣ ಪ್ರತಿಫಲಿಸುತ್ತದೆ. ಬಿಳಿ ಕಾಗದದ ಒಳಗೆ ಅದರ ತೆಳು ಛಾಯೆ ಕೊಡದಿದ್ದರೆ ಪಟ್ಟಿ ತಗಡಿನಂತೆ ಕಾಣುತ್ತದೆ. ಹೆಚ್ಚಿನವರು ಸೋಲುವುದು ಬುಡದಲ್ಲಿ. ಪಟ್ಟಿ ಮೇಲ್ಮೈಗೆ ಸೇರುವ ಬಿಂದುವಿನಲ್ಲೇ ನೆರಳೂ ಹುಟ್ಟಬೇಕು. ಅಲ್ಲಿ ಒಂದು ಮಿಲಿಮೀಟರ್ ಸಂದು ಉಳಿದರೂ ಪಟ್ಟಿ ಗಾಳಿಯಲ್ಲಿ ತೇಲುತ್ತದೆ.

ದೋವಾನ್‌ಚಾಯ್ ಈ ನೆರಳನ್ನು ಬರೆಯುವುದರಲ್ಲೇ ನಿಲ್ಲಲಿಲ್ಲ. 1980ರ ದಶಕದಲ್ಲಿ ಅಲ್ಯುಕೊಬಾಂಡ್‌ನಿಂದ ಗೋಡೆಗೆ ತೂಗುಹಾಕುವ ನೆರಳು ಶಿಲ್ಪಗಳನ್ನು ಮಾಡಿದರು. ಅಲ್ಯುಕೊಬಾಂಡ್ ಎಂದರೆ ಎರಡು ತೆಳು ಅಲ್ಯುಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ತಿರುಳಿರುವ ಹಲಗೆ, ಕಟ್ಟಡಗಳ ಹೊರಮೈಗೆ ಬಳಸುವಂಥದ್ದು. ಬರೀ ತಗಡಿಗಿಂತ ಇದು ಹಗುರ, ಸಪಾಟಾಗಿಯೇ ಉಳಿಯುತ್ತದೆ, ಬೇಕಾದಂತೆ ಬಾಗಿಸಲೂಬಹುದು. ಚಿತ್ರದಲ್ಲಿ ಬಣ್ಣವಾಗಿದ್ದ ಪಟ್ಟಿ ಇಲ್ಲಿ ನಿಜವಾಗಿಯೇ ಮುಂದಕ್ಕೆ ಬಂತು, ನೆರಳೂ ನಿಜವಾಯಿತು. ಇವನ್ನು ತೂಗುಹಾಕುವ ಗ್ಯಾಲರಿಗಳು ಒಂದು ಎಚ್ಚರ ವಹಿಸಬೇಕು. ಎರಡು ಕಡೆಯಿಂದ ಸಮನಾಗಿ ಬೆಳಕು ಬಿಟ್ಟರೆ ಒಂದು ದೀಪದ ನೆರಳಿನ ಮೇಲೆ ಇನ್ನೊಂದರ ಬೆಳಕು ಬೀಳುತ್ತದೆ. ಎರಡು ಸಪ್ಪೆ ನೆರಳು ಉಳಿಯುತ್ತವೆ, ಶಿಲ್ಪದ ಅರ್ಧ ಭಾಗ ಮಾಯವಾಗುತ್ತದೆ. ಮೇಲಿನಿಂದ, ಒಂದು ಬದಿಯಿಂದ, ಒಂದೇ ಸ್ಪಾಟ್‌ಲೈಟ್ ಸಾಕು.

ಅದೇ ದಶಕದಲ್ಲಿ ರಿಬ್ಬನ್‌ಗಳು ಮಗ್ಗಕ್ಕೂ ಏರಿದವು. ಫ್ರಾನ್ಸಿನ ಓಬುಸ್ಸೋನ್ ಪಟ್ಟಣದ ರೇಮೊಂ ಪಿಕೊ ನೇಯ್ಗೆಮನೆ ಇವರನ್ನು ಕರೆಯಿತು. ಮೊದಲ ಮೂರು ಚಿತ್ರಗಂಬಳಿಗಳು 1984ರಲ್ಲಿ ತಯಾರಾದವು. ಓಬುಸ್ಸೋನ್ ಮಗ್ಗದಲ್ಲಿ ಹಾಸು ನೆಲಕ್ಕೆ ಸಮನಾಗಿ ಮಲಗಿರುತ್ತದೆ. ನೇಕಾರರು ಹಿಂಬದಿಯಿಂದ ನೇಯುತ್ತಾರೆ, ಕಲಾವಿದನ ಮಾದರಿ ಹಾಸಿನ ಕೆಳಗೆ ಎಡಬಲ ತಿರುಗಿ ಇರುತ್ತದೆ. ಸಪಾಟು ಬಯಲು ಮಗ್ಗಕ್ಕೆ ಸುಲಭ. ಕಷ್ಟವಾಗುವುದು ಮೆತ್ತಗಿನ ನೆರಳು. ಉಣ್ಣೆಯ ದಾರಕ್ಕೆ ಕುಂಚದಂತೆ ಕರಗುವುದು ಗೊತ್ತಿಲ್ಲ. ಎರಡು ಛಾಯೆಯ ಎಳೆಗಳನ್ನು ಒಂದೇ ಹೊಕ್ಕಿನಲ್ಲಿ ಹೊಸೆಯಬೇಕು, ಅಥವಾ ಒಂದು ಬಣ್ಣದ ಗೆರೆಗಳು ಇನ್ನೊಂದರೊಳಗೆ ಬಾಚಣಿಗೆಯ ಹಲ್ಲಿನಂತೆ ಹೊಕ್ಕುವ ಹಾಗೆ ನೇಯಬೇಕು. ಕಲ್ಲಚ್ಚಿನಲ್ಲಿ ಕಲಿತ ಲೆಕ್ಕವೇ ಇಲ್ಲಿ ನೆರವಿಗೆ ಬರುತ್ತದೆ: ಎಷ್ಟು ಬಣ್ಣ, ಯಾವುದರ ಅಂಚು ಎಲ್ಲಿ. ರಿಬ್ಬನ್‌ಗಳು ಮಗ್ಗಕ್ಕೆ ಅಷ್ಟು ಚೆನ್ನಾಗಿ ಒಗ್ಗಿದ್ದು ಅದಕ್ಕೇ. ಅವರ 1960ರ ದಶಕದ ಕೊಳೆಗೋಡೆಯೊಂದನ್ನು ನೇಯಲು ಕೂತಿದ್ದರೆ ನೇಕಾರರ ಪಾಡು ಹೇಳತೀರದು.

1970ರ ದಶಕದ ನಡುವಿನಿಂದ ಇನ್ನೊಂದು ಕೆಲಸ ಸಮಾನಾಂತರವಾಗಿ ಸಾಗಿತು. ಲೋಕದ ಊರೂರು ಸುತ್ತಿ ಗೋಡೆಗಳ ಫೋಟೊ ತೆಗೆಯುವುದು. ‘ವಾಲ್ಸ್ ಆಫ್ ದ ವರ್ಲ್ಡ್’ ಎಂಬ ಈ ಸಂಗ್ರಹ ನಾಲ್ಕು ದಶಕ ಬೆಳೆದು ನೂರಕ್ಕೂ ಹೆಚ್ಚು ದೇಶಗಳನ್ನು ಮುಟ್ಟಿತು. 1982ರಲ್ಲಿ ಪ್ಯಾರಿಸ್‌ನ ಪೊಂಪಿದು ಕೇಂದ್ರ ಇದನ್ನು ಪ್ರದರ್ಶಿಸಿತು. ಗೋಡೆಗಳು ಪಿಸುಗುಟ್ಟುತ್ತವೆ, ಕೂಗುತ್ತವೆ, ಹಾಡುತ್ತವೆ ಎಂಬುದು ಆ ಪ್ರದರ್ಶನದ ಹೆಸರಿನ ಅರ್ಥ. ಈ ಫೋಟೊಗಳು ಚಿತ್ರದ ನಕಲುಪ್ರತಿಗಳಲ್ಲ, ಸಾಮಗ್ರಿಯ ಉಗ್ರಾಣ. ಒಂದು ಊರಿನ ಬಾಗಿಲು, ಇನ್ನೊಂದು ಊರಿನ ಗೀಚು, ಮತ್ತೊಂದರ ಬಣ್ಣ ಸೇರಿ ಎಲ್ಲೂ ಇಲ್ಲದ ಗೋಡೆಯೊಂದು ಸ್ಟುಡಿಯೊದಲ್ಲಿ ಹುಟ್ಟುತ್ತದೆ.

ಫೋಟೊಗಳು ರಾಶಿಯಾದಂತೆ ಕೊಲಾಜ್, ಅಂದರೆ ಕಾಗದದ ಚೂರುಗಳನ್ನು ಅಂಟಿಸಿ ಚಿತ್ರ ಕಟ್ಟುವ ಕೆಲಸ, ಮತ್ತೆ ದಪ್ಪವಾಯಿತು. ಕಾಗದವನ್ನು ಶಂಕುವಿನಂತೆ ಸುರುಳಿ ಸುತ್ತಿದ ‘ಕೋನ್’ ಸರಣಿಯಲ್ಲಿ ಪೋಸ್ಟರಿನ ಅಕ್ಷರ, ಮುಖ, ಗೀಚು ಹಿಂತಿರುಗಿದವು. ಆದರೆ ಈಗ ರಿಬ್ಬನ್ ಕಲಿಸಿದ ನೆರಳು ಜೊತೆಗಿತ್ತು. 1987ರಲ್ಲಿ ಇಸ್ತಾಂಬುಲ್‌ನ ಮೊದಲ ಬಿನಾಲೆಗಾಗಿ (ಎರಡು ವರ್ಷಕ್ಕೊಮ್ಮೆ ನಡೆಯುವ ಕಲಾಮೇಳ) ಮೂರು ದೊಡ್ಡ ಕೆಲಸ ಮಾಡಿದರು: ‘ಮಾವಿ ಸೆನ್‌ಫೊನಿ’ ಅಂದರೆ ನೀಲಿ ಸಿಂಫನಿ, ‘ಮುಹ್ತೆಶೆಮ್ ಚಾ’ ಅಂದರೆ ಭವ್ಯ ಯುಗ, ಮತ್ತು 16ನೆಯ ಶತಮಾನದ ವಾಸ್ತುಶಿಲ್ಪಿಯ ಹೆಸರಿನ ‘ಮಿಮಾರ್ ಸಿನಾನ್’. ನ್ಯೂಯಾರ್ಕಿನ ಬೀದಿಯಲ್ಲಿ ಕಲಿತ ಭಾಷೆಯಲ್ಲಿ ಆಟೊಮನ್ ಸುಲ್ತಾನ ಸುಲೇಮಾನನ ಕಾಲದ ಇಸ್ತಾಂಬುಲನ್ನು ಹೇಳಿದ ಕೆಲಸಗಳಿವು. 2009ರಲ್ಲಿ ‘ಮಾವಿ ಸೆನ್‌ಫೊನಿ’ 22 ಲಕ್ಷ ಟರ್ಕಿಶ್ ಲಿರಾಕ್ಕೆ ಹರಾಜಾಗಿ, ಬದುಕಿರುವ ಟರ್ಕಿಶ್ ಕಲಾವಿದರ ಕೃತಿಗೆ ಅಲ್ಲಿಯವರೆಗೆ ಸಿಕ್ಕ ಅತಿ ದೊಡ್ಡ ಬೆಲೆ ಎನಿಸಿತು. ‘ಮುಹ್ತೆಶೆಮ್ ಚಾ’ ಇಸ್ತಾಂಬುಲ್ ಮಾಡರ್ನ್ ಎಂಬ ಕಲಾ ಸಂಗ್ರಹಾಲಯದ ಸಂಗ್ರಹದಲ್ಲಿದೆ.

ಕೊಲಾಜ್ ಜೊತೆಗೆ ಅವರು ಬಳಸಿದ ಇನ್ನೊಂದು ವಿಧಾನ ಫ್ಯುಮಾಜ್, ಅಂದರೆ ಜ್ವಾಲೆಯ ಮಸಿಯಿಂದ ಬರೆಯುವುದು. ಇದನ್ನು 1930ರ ದಶಕದಲ್ಲಿ ಅತಿವಾಸ್ತವವಾದಿ ವೊಲ್ಫ್‌ಗಾಂಗ್ ಪಾಲೆನ್ ರೂಢಿಗೆ ತಂದರು. ಪಾಲೆನ್‌ಗೆ ಮಸಿ ಕನಸಿನ ಆಕಾರಗಳನ್ನು ಹುಟ್ಟಿಸುವ ದಾರಿ. ದೋವಾನ್‌ಚಾಯ್‌ಗೆ ಅದು ಊರಿನ ಹೊಗೆ. ಗೋಡೆಗೆ ವರ್ಷಗಟ್ಟಲೆ ಹತ್ತಿದ ಕರಿಯನ್ನು ಕುಂಚದಿಂದ ಬರೆದರೆ ಅದು ಬರೆದಂತೆಯೇ ಕಾಣುತ್ತದೆ. ಮಸಿಗೆ ಅಂಚಿಲ್ಲ, ಅದು ತಾನಾಗಿ ಕೂರುತ್ತದೆ.

ಮಾಡಿ ನೋಡುವವರಿಗೆ ಕೆಲವು ಮಾತು. ಅಕ್ರಿಲಿಕ್ ಜೆಸ್ಸೊ (ಬಣ್ಣಕ್ಕೆ ಮುಂಚೆ ಹಾಕುವ ತಳಲೇಪ) ಬಳಿದು ಪೂರ್ತಿ ಒಣಗಿಸಿದ ಹಲಗೆ ಒಳ್ಳೆಯದು; ಬರೀ ಕಾಗದ ಬೇಗ ಕಂದುತ್ತದೆ. ಎಣ್ಣೆಬಣ್ಣ, ಟರ್ಪೆಂಟೈನ್ ತಾಗಿದ ಮೇಲ್ಮೈಯನ್ನು ಜ್ವಾಲೆಯ ಹತ್ತಿರ ತರಲೇಬಾರದು. ಹಲಗೆಯ ಮುಖ ಕೆಳಗಿರಬೇಕು, ಮೇಣದಬತ್ತಿಯ ಜ್ವಾಲೆಯ ತುದಿಯಿಂದ ಮೂರರಿಂದ ಐದು ಸೆಂಟಿಮೀಟರ್ ಅಂತರ ಇರಬೇಕು, ಕೈ ಸದಾ ಚಲಿಸುತ್ತಿರಬೇಕು. ಒಂದೇ ಕಡೆ ಎರಡು ಮೂರು ಸೆಕೆಂಡು ನಿಂತರೆ ಮಸಿಯ ಬದಲು ಸುಟ್ಟ ಕಲೆ ಬೀಳುತ್ತದೆ. ಬತ್ತಿ ತುಸು ಉದ್ದವಿದ್ದರೆ ಜ್ವಾಲೆ ಹಳದಿಯಾಗಿ ಮಸಿ ಹೆಚ್ಚು. ಅಡುಗೆ ಗ್ಯಾಸಿನ ನೀಲಿ ಜ್ವಾಲೆಯಿಂದ ಮಸಿ ಬಾರದು. ಪಕ್ಕದಲ್ಲಿ ನೀರಿನ ಬಕೆಟ್, ಕಿಟಕಿ ತೆರೆದಿರಲಿ, ಆದರೆ ನೇರ ಗಾಳಿ ಬೇಡ. ಕೂತ ಮಸಿ ಉಸಿರು ತಾಗಿದರೂ ಕೆಡುತ್ತದೆ. ಜ್ವಾಲೆಯನ್ನೆಲ್ಲ ಆರಿಸಿದ ಮೇಲಷ್ಟೇ ಮಸಿಯನ್ನು ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಕೈಗೆತ್ತಿಕೊಂಡು, 30-40 ಸೆಂಟಿಮೀಟರ್ ದೂರದಿಂದ ಮಂಜಿನಂತೆ, ನಡುವೆ ಒಣಗಲು ಬಿಡುತ್ತ ಮೂರು ಸಲ ಹಾಯಿಸಬೇಕು. ಹತ್ತಿರದಿಂದ ಹೊಡೆದರೆ ಹನಿ ಕಟ್ಟಿ ಮಸಿ ಇಳಿಯುತ್ತದೆ. ಕುಂಚದಿಂದ ವಾರ್ನಿಷ್ ಬಳಿದರೆ ಒರೆಸಿ ತೆಗೆದಂತೆಯೇ.

ಕೊಲಾಜಿನಲ್ಲಿ ಕೆಡುವುದು ಮೂರು ಕಡೆ. ಕಾಗದ ಒದ್ದೆಯಾದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಒಂದೇ ಬದಿಗೆ ಅಂಟು ಬಳಿದು ಆತುರದಲ್ಲಿ ಹಚ್ಚಿದರೆ ಸುಕ್ಕು ಖಚಿತ. ಅಂಟಾಗಿ ಬಳಸುವ, ಬಣ್ಣವಿಲ್ಲದ ಅಕ್ರಿಲಿಕ್ ಮೀಡಿಯಂ ಅನ್ನು ಹಲಗೆಗೂ ಕಾಗದದ ಬೆನ್ನಿಗೂ ಬಳಿದು, ಒಂದು ನಿಮಿಷ ಕಾದು, ನಡುವಿನಿಂದ ಅಂಚಿಗೆ ರೋಲರ್ ಉರುಳಿಸಬೇಕು. ಎರಡನೆಯದು ಸುದ್ದಿಪತ್ರಿಕೆಯ ಕಾಗದ: ಅದರಲ್ಲಿನ ಲಿಗ್ನಿನ್ ಎಂಬ ಮರದ ಅಂಶದಿಂದ ಕೆಲವೇ ವರ್ಷದಲ್ಲಿ ಹಳದಿಗಟ್ಟಿ ಪುಡಿಯಾಗುತ್ತದೆ. ಬೀದಿಯ ಪೋಸ್ಟರ್ ಕೂಡ ಅಗ್ಗದ ಕಾಗದವೇ. ಮೂರನೆಯದು ಹರಿಯುವ ದಿಕ್ಕು. ಮುದ್ರಿತ ಹಾಳೆಯನ್ನು ಹರಿದಾಗ ಎರಡು ತುಂಡುಗಳಲ್ಲಿ ಒಂದಕ್ಕೆ ಮಾತ್ರ ಬಿಳಿಯ ಜೂಲು ಅಂಚು ಬರುತ್ತದೆ, ಇನ್ನೊಂದರಲ್ಲಿ ಬಣ್ಣ ತುದಿಯವರೆಗೂ ಇರುತ್ತದೆ. ಎಳೆಯುವ ದಿಕ್ಕು ಬದಲಿಸಿದರೆ ಬಿಳಿ ಇನ್ನೊಂದಕ್ಕೆ ಹೋಗುತ್ತದೆ. ದೋವಾನ್‌ಚಾಯ್ ಚಿತ್ರಗಳಲ್ಲಿ ಆ ಬಿಳಿ ಅಂಚು ಎಲ್ಲಿದೆ, ಎಲ್ಲಿಲ್ಲ ಎಂದು ಹುಡುಕಿ ನೋಡಿ. ಪೆನ್ಸಿಲ್ ಗೆರೆಯಷ್ಟೇ ಯೋಚಿಸಿ ಇಟ್ಟದ್ದು ಅದು.

ನಂತರದ ಸರಣಿಗಳನ್ನು ಬೇಗ ಹೇಳಿಬಿಡಬಹುದು. ‘ಡಬಲ್ ರಿಯಲಿಸಂ’ನಲ್ಲಿ ನಿಜವಾದ ವಸ್ತುವನ್ನು ಅಂಟಿಸಿ, ಅದರ ನಿಜ ನೆರಳಿನ ಪಕ್ಕದಲ್ಲೇ ಬರೆದ ನೆರಳನ್ನೂ ಇಟ್ಟರು. ರಿಬ್ಬನ್ ಮತ್ತು ಲೋಹಶಿಲ್ಪ ಎರಡೂ ಇಲ್ಲಿ ಒಂದಾಗುವುದರಿಂದ ಕೊನೆಯ ದಶಕಗಳಲ್ಲಿ ನನಗೆ ಅತಿ ಮೆಚ್ಚಿನದು ಇದೇ. ‘ಅಲೆಕ್ಸಾಂಡರ್ಸ್ ವಾಲ್ಸ್’ ನ್ಯೂಯಾರ್ಕಿನಲ್ಲಿ ಮುಚ್ಚಿಹೋದ ಮಳಿಗೆಯೊಂದರ ಸುತ್ತಲಿನ ಹಲಗೆಗಳಿಂದ ಹುಟ್ಟಿತು; ಕಪ್ಪು ಅದರಲ್ಲಿ ಹೆಚ್ಚು. ‘ಬ್ಲೂ ವಾಲ್ಸ್’ ಕಟ್ಟಡ ಕೆಲಸದ ಸುತ್ತ ನಿಲ್ಲಿಸುವ ನೀಲಿ ಬೇಲಿಯದ್ದು. ‘ಫಾರ್ಮುಲಾ 1’ ಸರಣಿಗೆ ಗದ್ದಲ ಜಾಸ್ತಿ, ಸತ್ವ ಕಡಿಮೆ ಎನಿಸುತ್ತದೆ.

ಅವರು ತೀರಿಕೊಂಡದ್ದು 2013ರ ಜನವರಿ 16ರಂದು, ಇಸ್ತಾಂಬುಲ್‌ನಲ್ಲಿ. ಅದಕ್ಕೆ ಹಿಂದಿನ ವರ್ಷ ಇಸ್ತಾಂಬುಲ್ ಮಾಡರ್ನ್ ಅವರ ಐವತ್ತು ವರ್ಷಗಳ ಗೋಡೆಗಳನ್ನು ಒಟ್ಟಿಗೆ ತೋರಿಸಿತ್ತು. ಬೆಯೋಲು ಬಡಾವಣೆಯಲ್ಲಿ 2004ರಲ್ಲಿ ತೆರೆದ ದೋವಾನ್‌ಚಾಯ್ ಸಂಗ್ರಹಾಲಯದಲ್ಲಿ ತಂದೆ ಆದಿಲ್ ಅವರ ಚಿತ್ರಗಳಿಗೂ ಜಾಗ ಕೊಟ್ಟಿದ್ದರು. ಮೂಲ ಕೃತಿ ನೋಡುವ ಅವಕಾಶ ಸಿಕ್ಕವರು ಮೊದಲು ಎರಡು ಮೀಟರ್ ದೂರ ನಿಂತು, ಬೆಳಕು ಯಾವ ಬದಿಯಿಂದ ಎಂದು ಗುರುತಿಸಿ. ಆಮೇಲೆ ಒಂದೊಂದೇ ನೆರಳನ್ನು ಅದರ ಬುಡದವರೆಗೆ ಹಿಂಬಾಲಿಸಿ, ಅದು ಕಾಗದದ್ದೋ ಬಣ್ಣದ್ದೋ ಎಂದು ನಿರ್ಧರಿಸಿ. ಕೊನೆಗೆ ಪಕ್ಕಕ್ಕೆ ಸರಿದು, ಗೋಡೆಗೆ ಕೆನ್ನೆ ತಾಗಿಸಿದಂತೆ ಓರೆಯಾಗಿ ನೋಡಿದರೆ ಯಾವುದು ನಿಜಕ್ಕೂ ಉಬ್ಬಿದೆ, ಯಾವುದು ಸಪಾಟು ಎಂಬುದು ತಿಳಿಯುತ್ತದೆ. ಮುದ್ರಿತ ಪುಸ್ತಕದಲ್ಲಿ, ಫೋನಿನ ಪರದೆಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ.